ಸರಕಿನ ತೂಕ, ಚಾಲಕನ ನಿದ್ದೆ: ದುರ್ಗದ ಹೆದ್ದಾರಿಯಲ್ಲಿ ಸಾರಿಗೆ ಸುರಕ್ಷತಾ ಕಾನೂನಿನ ಚರಿತ್ರೆ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಂಥ ತೆಂಗು, ಅಡಿಕೆಯ ಸೀಮೆಯಲ್ಲಿ ಸರಕು ಸಾಗಣೆಯೆಂಬುದು ಬೇಸಾಯದ ಕೊನೆಯ ಕೆಲಸವೇ ಆಗಿದ್ದು, ಕೊಬ್ಬರಿ ತಿಪಟೂರಿನ ಮಾರುಕಟ್ಟೆಯನ್ನೋ ಅಡಿಕೆ ಭೀಮಸಮುದ್ರದ ಮಂಡಿಯನ್ನೋ ಮುಟ್ಟುವವರೆಗೆ ರೈತನ ವರ್ಷ ಮುಗಿದಂತಾಗುವುದಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಒಳರಸ್ತೆಗಳಲ್ಲಿ ಹೊರಟ ಹೊರೆಯಲ್ಲಿ ದೂರದ ಪೇಟೆಗೆ ಹೋಗಬೇಕಾದುದರ ಬಹುಪಾಲು ಚಿತ್ರದುರ್ಗದಲ್ಲೋ ಹಿರಿಯೂರಿನಲ್ಲೋ ಹೆದ್ದಾರಿಯನ್ನು ಸೇರುತ್ತದೆ. ಬೆಂಗಳೂರು ಮತ್ತು ಪುಣೆಗಳ ನಡುವಿನ, ಹಿಂದೆ ನಾಲ್ಕನೆಯ ಸಂಖ್ಯೆಯದಾಗಿದ್ದು ಈಗ ನಲವತ್ತೆಂಟನೆಯದೆನಿಸಿರುವ ರಾಷ್ಟ್ರೀಯ ಹೆದ್ದಾರಿಯೂ, ಬಳ್ಳಾರಿಯ ಕಡೆಯಿಂದ ಚಳ್ಳಕೆರೆಯ ಮೇಲೆ ಹಾದು ಹುಳಿಯಾರಿನತ್ತ ಇಳಿಯುವ ರಸ್ತೆಯೂ ಹಿರಿಯೂರಿನಲ್ಲಿ ಸಂಧಿಸುತ್ತವೆ. ಇಂಥ ಕೂಡುದಾರಿಯ ಜಿಲ್ಲೆಯಲ್ಲಿ ನಿಂತು ನೋಡಿದರೆ, ಬಾಡಿಗೆಗೆ ಓಡುವ ಲಾರಿ, ಬಸ್ಸುಗಳನ್ನು ಕಟ್ಟಿಹಾಕಿರುವ ಸುರಕ್ಷತಾ ನಿಯಮಗಳು ಯಾವ ಕಾಲದಲ್ಲಿ, ಯಾರ ಒತ್ತಾಯದಿಂದ, ಯಾವುದನ್ನು ಕಾಯುವುದಕ್ಕಾಗಿ ಹುಟ್ಟಿದವೆಂಬುದು ಕಾನೂನಿನ ಪುಸ್ತಕದಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಮೋಟಾರು ಬರುವುದಕ್ಕೆ ಮುಂಚಿನ ದಾರಿಯಲ್ಲಿ ಇಂಥ ಕಾನೂನಿನ ಅಗತ್ಯವೇ ಹೆಚ್ಚಾಗಿ ಇರಲಿಲ್ಲ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834ರಿಂದ 1861ರವರೆಗಿನ ಅವಧಿಯಲ್ಲಿ ರಾಜ್ಯದ ಮುಖ್ಯ ರಸ್ತೆಗಳು ಗಾಡಿ ಓಡಾಡುವಷ್ಟು ಗಟ್ಟಿಯಾದವು. ಚಿತ್ರದುರ್ಗ ವಿಭಾಗದ ಆಡಳಿತ ನೋಡುತ್ತಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಬೆಂಗಳೂರು ದಾರಿಯ ಡಾಬಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ. ಆ ಕಾಲದ ಎತ್ತಿನ ಗಾಡಿಗೆ ತೂಕದ ಮಿತಿಯನ್ನು ಸರ್ಕಾರ ಹೇಳಬೇಕಾಗಿರಲಿಲ್ಲ, ಏಕೆಂದರೆ ಹೊರೆ ಹೆಚ್ಚಾದರೆ ಎತ್ತು ನೊಗ ಎಳೆಯದೆ ನಿಂತುಬಿಡುತ್ತಿತ್ತು. ಅಷ್ಟೇ ಮುಖ್ಯವಾಗಿ, ರಾತ್ರಿಯ ಪಯಣದಲ್ಲಿ ಗಾಡಿ ಹೊಡೆಯುವವನು ಮೂಕಿಯ ಬಳಿ ತೂಕಡಿಸಿದರೂ ದಾರಿ ಬಲ್ಲ ಎತ್ತುಗಳು ಗಾಡಿಯನ್ನು ಊರು ಮುಟ್ಟಿಸುತ್ತಿದ್ದವು. ಹೊರೆಯ ಅಳತೆಯನ್ನೂ ಎಚ್ಚರದ ಹೊಣೆಯನ್ನೂ ಪ್ರಾಣಿಯಿಂದ ಕಿತ್ತು ಮನುಷ್ಯನೊಬ್ಬನ ಮೇಲೆ ಹೊರಿಸಿದ್ದು ಮೋಟಾರು. ಆ ಎರಡು ಹೊಣೆಗಳಲ್ಲಿ ಮೊದಲನೆಯದನ್ನು ಅಳೆಯಲು ಕಾನೂನು ಬೇಗ ಕಲಿಯಿತು. ಎರಡನೆಯದನ್ನು ಬರೆದಿಟ್ಟಿತೇ ಹೊರತು ಅಳೆಯಲಿಲ್ಲ.

ಬ್ರಿಟಿಷ್ ಭಾರತದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯಿದೆ 1914ರದು. ಅದು ನೋಂದಣಿ, ಚಾಲನಾ ಅನುಜ್ಞಾಪತ್ರ ಅಂದರೆ ಲೈಸೆನ್ಸು, ಬೇಕಾಬಿಟ್ಟಿ ಓಡಿಸಿದರೆ ದಂಡ ಎಂಬಷ್ಟಕ್ಕೇ ಬಹುಮಟ್ಟಿಗೆ ಸೀಮಿತವಾಗಿತ್ತು. 1920ರ ದಶಕದ ಕೊನೆಯ ಹೊತ್ತಿಗೆ ಖಾಸಗಿ ಬಸ್ಸು, ಲಾರಿಗಳು ರೈಲಿನ ಆದಾಯಕ್ಕೆ ಕೈಹಾಕತೊಡಗಿದಾಗ ಸರ್ಕಾರದ ನಿದ್ದೆ ಕೆಟ್ಟಿತು. 1932ರಲ್ಲಿ ನೇಮಕಗೊಂಡ ಮಿಚೆಲ್ ಮತ್ತು ಕಿರ್ಕ್‌ನೆಸ್ ಎಂಬಿಬ್ಬರು ಅಧಿಕಾರಿಗಳು ರಸ್ತೆ ಮತ್ತು ರೈಲುಗಳ ಪೈಪೋಟಿಯನ್ನು ಕುರಿತು ವರದಿ ಸಿದ್ಧಪಡಿಸಿದರು, ಆ ಚರ್ಚೆಯ ಫಲವಾಗಿ 1939ರ ಮೋಟಾರು ವಾಹನ ಕಾಯಿದೆ ರೂಪುಗೊಂಡಿತು. ಬಾಡಿಗೆ ವಾಹನ ರಹದಾರಿ ಇಲ್ಲದೆ ರಸ್ತೆಗಿಳಿಯಕೂಡದೆಂಬ ನಿಯಮ ಬೇರೂರಿದ್ದು ಈ ಕಾಯಿದೆಯಿಂದ. ರಹದಾರಿಯೆಂದರೆ ಯಾವ ವಾಹನ, ಯಾವ ದಾರಿಯಲ್ಲಿ ಅಥವಾ ಯಾವ ಪ್ರದೇಶದಲ್ಲಿ, ಏನನ್ನು ಹೊತ್ತು ಓಡಬಹುದೆಂದು ಸಾರಿಗೆ ಪ್ರಾಧಿಕಾರ ಕೊಡುವ ಪರವಾನಗಿ. ಲಾರಿ ಮಾಲೀಕರ ಬಾಯಲ್ಲಿ ಅದು ಇಂದಿಗೂ ‘ಪರ್ಮಿಟ್ಟು’. ಸುರಕ್ಷತೆಯ ಮುಖ್ಯ ಹತ್ಯಾರವೆಂದು ಇಂದು ಭಾವಿಸಲಾಗುವ ಈ ಕಾಗದ ಹುಟ್ಟಿದ್ದರ ಹಿಂದೆ ಪ್ರಯಾಣಿಕನ ಪ್ರಾಣದಷ್ಟೇ ರೈಲಿನ ಗಲ್ಲಾಪೆಟ್ಟಿಗೆಯ ಕಾಳಜಿಯೂ ಇತ್ತೆಂಬುದನ್ನು ನೆನಪಿಟ್ಟರೆ ಮುಂದಿನ ಎಷ್ಟೋ ಸಂಗತಿಗಳು ಅಚ್ಚರಿ ಹುಟ್ಟಿಸುವುದಿಲ್ಲ.

ಆದರೆ ಅದೇ ಕಾಯಿದೆಯೊಳಗೆ ಅದರ ಕಾಲಕ್ಕೆ ಬಹಳ ಮುಂದುವರಿದ ಒಂದು ಅಂಶವಿತ್ತು. ಬಾಡಿಗೆ ವಾಹನದ ಚಾಲಕನನ್ನು ಐದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ದುಡಿಸಕೂಡದು, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು, ದಿನಕ್ಕೂ ವಾರಕ್ಕೂ ಒಟ್ಟು ಗಂಟೆಗಳ ಮಿತಿ ಇರಬೇಕು ಎಂದು ಅದು ವಿಧಿಸಿತು. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯಿದೆಯಲ್ಲಿ ಐದೂವರೆ ಗಂಟೆಯ ಇಂಥದೇ ಮಿತಿಯಿದ್ದು, ಭಾರತದ ನಿಯಮಕ್ಕೆ ಆ ಮಾದರಿ ಕಣ್ಣೆದುರಿಗಿತ್ತು. ಅಮೆರಿಕದಲ್ಲಿ 1935ರ ಮೋಟಾರು ಸಾರಿಗೆ ಕಾಯಿದೆಯ ಬೆನ್ನಿಗೆ ಚಾಲಕರ ದುಡಿಮೆಯ ಗಂಟೆಗಳ ನಿಯಮಗಳು ಜಾರಿಗೆ ಬಂದದ್ದೂ ಆ ದಶಕದ ಕೊನೆಯಲ್ಲಿಯೇ. ಚಾಲಕನ ದಣಿವು ಅಪಾಯವೆಂದು ಮೂರೂ ದೇಶಗಳ ಕಾನೂನು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಪ್ಪಿಕೊಂಡವು. ಆಮೇಲೆ ಅವುಗಳ ದಾರಿಗಳು ಹೇಗೆ ಬೇರೆಯಾದವೆಂಬುದು ಈ ಚರಿತ್ರೆಯ ಒಂದು ಮುಖ್ಯ ಎಳೆ.

ಎರಡನೆಯ ಮಹಾಯುದ್ಧದ ಪೆಟ್ರೋಲ್ ಪಡಿತರದ ದಿನಗಳಲ್ಲಿ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿಸುವ ಸ್ಥಿತಿ ಬಂದದ್ದರಿಂದ ನಿಯಮಪಾಲನೆಯ ಮಾತು ಹಿಂದೆ ಸರಿಯಿತು. ಸ್ವಾತಂತ್ರ್ಯದ ನಂತರ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಗಿ, ರಾಜ್ಯದ ಹೆಸರು ಬದಲಾದ 1973ರ ನಂತರ ಕರ್ನಾಟಕದ ಹೆಸರು ಪಡೆಯಿತು. ಬಸ್ಸು ಸರ್ಕಾರದ್ದಾದ ಕಡೆಗಳಲ್ಲಿ ಸುರಕ್ಷತೆಯ ಲೆಕ್ಕವನ್ನು ಇಡಲು ಡಿಪೊ ಎಂಬ ಮನೆ ಸಿಕ್ಕಿತು: ಬಸ್ಸು ಹೊರಟ ಹೊತ್ತು, ಬಂದ ಹೊತ್ತು, ಯಾರ ಪಾಳಿ, ಯಾವ ದುರಸ್ತಿ, ಎಲ್ಲವೂ ಹಾಳೆಯ ಮೇಲೆ ಬಂತು. ಲಾರಿಗೆ ಅಂಥ ಮನೆ ದೊರೆಯಲಿಲ್ಲ. ಲಾರಿಗಳು ಒಂದು, ಎರಡು ವಾಹನ ಇಟ್ಟುಕೊಂಡ ಸಣ್ಣ ಮಾಲೀಕರ ಕೈಯಲ್ಲಿಯೇ ಹೆಚ್ಚಾಗಿ ಉಳಿದವು. ಬಾಡಿಗೆ ಕುದುರಿಸುವುದು ಬುಕಿಂಗ್ ಏಜೆಂಟನ ಕೆಲಸವಾಯಿತು, ದಾರಿಯ ಲೆಕ್ಕ ಚಾಲಕನ ಜೇಬಿನ ಚೀಟಿಯಲ್ಲಿ ಉಳಿಯಿತು.

1961ರಲ್ಲಿ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯನ್ನು ಅಂಗೀಕರಿಸಿತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ದುಡಿಮೆ, ಐದು ಗಂಟೆಯ ಬಳಿಕ ಅರ್ಧ ಗಂಟೆಯ ಬಿಡುವು, ವಾರಕ್ಕೊಂದು ರಜೆ ಎಂಬ ಅದರ ವಿಧಿಗಳು ಅನ್ವಯವಾಗುತ್ತಿದ್ದುದು ಐವರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ. ಒಬ್ಬ ಚಾಲಕ, ಒಬ್ಬ ಕ್ಲೀನರ್ ಇರುವ ಒಂಟಿ ಲಾರಿಯ ಮಾಲೀಕ ಆ ಜಾಲರಿಯ ಕಣ್ಣಿನಿಂದ ಸಲೀಸಾಗಿ ಹೊರಬಿದ್ದ. ಮುಂದೆ 1988ರ ಮೋಟಾರು ವಾಹನ ಕಾಯಿದೆ ತನ್ನ 91ನೆಯ ಕಲಮಿನಲ್ಲಿ ಯಾವುದೇ ಸಾರಿಗೆ ವಾಹನ ನಡೆಸುವವನಿಗೂ ಅದೇ ಗಂಟೆಗಳು ಅನ್ವಯಿಸುತ್ತವೆಂದು ಹೇಳಿ ಆ ಕಿಂಡಿಯನ್ನು ಕಾಗದದ ಮೇಲೆ ಮುಚ್ಚಿತಾದರೂ, ಒಂಟಿ ಲಾರಿಯ ಗಂಟೆಗಳನ್ನು ಎಣಿಸುವವರು ಯಾರೆಂಬುದು ಹಾಗೆಯೇ ಉಳಿಯಿತು.

1989ರ ಜುಲೈ 1ರಂದು ಜಾರಿಗೆ ಬಂದ ಈ ಹೊಸ ಕಾಯಿದೆಯೂ ಅದರೊಡನೆ ಬಂದ ಕೇಂದ್ರ ಮತ್ತು ಕರ್ನಾಟಕದ ಮೋಟಾರು ವಾಹನ ನಿಯಮಗಳೂ ಇಂದಿನ ವ್ಯವಸ್ಥೆಯ ಚೌಕಟ್ಟು. ಅದರ ಪ್ರಕಾರ ಬಾಡಿಗೆ ವಾಹನವೊಂದು ನೋಂದಣಿ ಪತ್ರ, ರಹದಾರಿ, ವಿಮೆ, ಹೊಗೆ ತಪಾಸಣೆಯ ಪತ್ರ, ತೆರಿಗೆ ರಸೀದಿಗಳ ಜೊತೆಗೆ 56ನೆಯ ಕಲಮಿನ ಅರ್ಹತಾ ಪತ್ರವನ್ನೂ ಹೊಂದಿರಬೇಕು. ಬ್ರೇಕು, ಸ್ಟೀರಿಂಗು, ದೀಪ, ಟೈರು, ಪ್ರತಿಫಲಕ ಪಟ್ಟಿ ಮುಂತಾದವು ಸರಿಯಿವೆಯೆಂದು ಪರೀಕ್ಷಿಸಿ ಕೊಡುವ ಈ ಪತ್ರವೇ ಎಲ್ಲರೂ ‘ಎಫ್‌ಸಿ’ ಎನ್ನುವ ಕಾಗದ. ಅದು ಇಲ್ಲದ ವಾಹನದ ನೋಂದಣಿಯೇ ಊರ್ಜಿತವಲ್ಲವೆಂದು ಕಾನೂನು ಭಾವಿಸುತ್ತದೆ. ಪರೀಕ್ಷೆ ಮಾಡುವ ಮೋಟಾರು ವಾಹನ ನಿರೀಕ್ಷಕರನ್ನು ಕನ್ನಡ ನಾಡಿನ ಜನ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುತ್ತ ಬಂದಿರುವುದು ಗಮನಾರ್ಹ. ಇಲಾಖೆ ಕೊಟ್ಟ ಉದ್ದದ ಪದನಾಮದಲ್ಲಿ ಕಾಣದ ಕೆಲಸದ ತಿರುಳು ಜನ ಕೊಟ್ಟ ಹೆಸರಿನಲ್ಲಿದೆ. ಕೆಎ–16 ಎಂಬ ಸಂಖ್ಯಾಫಲಕದ ಚಿತ್ರದುರ್ಗದ ವಾಹನಗಳ ಪಾಲಿಗೆ ಕಾಯಿದೆಯೆಂದರೆ ಬಹುಕಾಲ ಈ ಅಧಿಕಾರಿಯೇ.

ಹಳ್ಳಿಯ ಮಟ್ಟದಲ್ಲಿ ಈ ಚೌಕಟ್ಟು ಸ್ವಲ್ಪ ಸಡಿಲ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ರಹದಾರಿ ಬೇಡವೆಂದು ಕಾಯಿದೆಯ 66ನೆಯ ಕಲಮೇ ವಿನಾಯಿತಿ ಕೊಟ್ಟಿರುವುದರಿಂದ, ಮಾಡದಕೆರೆಯ ಸುತ್ತಿನ ತೋಟಗಳಿಂದ ಕಾಯಿ ಮೂಟೆ ಹೊರುವ ಗೂಡ್ಸ್ ಆಟೋ, ಸಣ್ಣ ಟೆಂಪೊಗಳು ರಹದಾರಿಯ ಗೊಡವೆಯಿಲ್ಲದೆ ಓಡುತ್ತವೆ. ಎಫ್‌ಸಿ, ವಿಮೆ, ಲೈಸೆನ್ಸುಗಳಿಂದ ಮಾತ್ರ ಅವಕ್ಕೆ ಬಿಡುಗಡೆಯಿಲ್ಲ. ಇಲ್ಲಿಯೇ ವಿಮೆಯ ಒಂದು ಸೂಕ್ಷ್ಮವೂ ಅಡಗಿದೆ. 1994ರ ತಿದ್ದುಪಡಿಯ ನಂತರ ಸರಕು ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಕುಳಿತಿದ್ದರೆ ವಿಮೆಯ ರಕ್ಷೆ ಅವನಿಗೂ ಉಂಟು. ಆದರೆ ಅದೇ ಮೂಟೆಗಳ ಮೇಲೆ ಪುಕ್ಕಟೆಯಾಗಿ ಹತ್ತಿ ಕುಳಿತವರಿಗೆ ಆ ರಕ್ಷೆ ಇಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನಿಸಿತು. ಕೂಲಿಗೆ, ಮದುವೆ ದಿಬ್ಬಣಕ್ಕೆ, ಜಾತ್ರೆಗೆ ಲಾರಿ, ಟ್ರ್ಯಾಕ್ಟರು ಹತ್ತುವುದು ರೂಢಿಯಾದ ಬಯಲುಸೀಮೆಯಲ್ಲಿ ಈ ತೀರ್ಪಿನ ಅರ್ಥ ತಿಳಿದಿರುವವರು ಕಡಿಮೆ, ತಿಳಿಯುವುದು ಬಹುಪಾಲು ಅಪಘಾತದ ಅನಂತರ.

ಹೊರೆಯ ಪ್ರಶ್ನೆ ದುರ್ಗದ ನೆಲದಲ್ಲಿ ನಿಜವಾಗಿ ಬಿಸಿಯೇರಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ನೆಗೆದಾಗ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗುಡ್ಡಗಳೂ ಸಾಲುಸಾಲಾಗಿ ಲಾರಿ ಹತ್ತಿದವು. ಅದಿರು ಬಲು ಭಾರದ ಸರಕು: ಹತ್ತಿ, ಕೊಬ್ಬರಿ ತುಂಬಿದ ಲಾರಿ ತೂಕದ ಮಿತಿ ಮುಟ್ಟುವ ಮೊದಲೇ ಕಣ್ಣಿಗೆ ತುಂಬಿದಂತೆ ಕಂಡರೆ, ಅದಿರಿನ ಲಾರಿ ಅರ್ಧ ಖಾಲಿಯಾಗಿ ಕಾಣುತ್ತಲೇ ಮಿತಿಯನ್ನು ದಾಟಿರುತ್ತದೆ. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಆ ಭಾರದ ಸುಮಾರು ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆಂದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಗಳು ತೋರಿಸಿದ್ದವು. ಅಂದರೆ ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆ ಸವೆಯುವುದು ಹದಿನಾರು ಪಟ್ಟು. ಬ್ರೇಕಿಗೂ ಟೈರಿಗೂ ಬೀಳುವ ಹೊಡೆತ ಬೇರೆ.

ಅದೇ ದಶಕದ ನಡುವೆ, 2005ರ ನವೆಂಬರಿನಲ್ಲಿ, ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಒಂದು ಮುಖ್ಯ ಗೆರೆ ಎಳೆದಿತ್ತು. ಓವರ್‌ಲೋಡಿಗೆ ದಂಡ ಕಟ್ಟಿಸಿಕೊಂಡು ಅದೇ ಹೊರೆಯೊಡನೆ ಲಾರಿಯನ್ನು ಮುಂದಕ್ಕೆ ಬಿಡುವ ಪದ್ಧತಿ ಕೆಲವು ರಾಜ್ಯಗಳಲ್ಲಿ ಬೇರುಬಿಟ್ಟಿತ್ತು. ದಂಡವು ತಪ್ಪಿನ ಬೆಲೆಯೇ ಹೊರತು ತಪ್ಪು ಮುಂದುವರಿಸುವ ಪರವಾನಗಿಯಲ್ಲ, ಹೆಚ್ಚಿನ ಸರಕನ್ನು ಇಳಿಸಿಯೇ ವಾಹನ ಹೊರಡಬೇಕು ಎಂಬುದು ಆ ತೀರ್ಪಿನ ಸಾರ. ಆದರೆ ಕರ್ನಾಟಕದ ಅದಿರು ದಾರಿಗಳಲ್ಲಿ ಈ ತೀರ್ಪಿಗೆ ಕಿವಿಗೊಟ್ಟವರು ವಿರಳ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ಅಕ್ರಮ ಗಣಿಗಾರಿಕೆಯ ವರದಿ ಅದಿರು ಲಾರಿಗಳ ಮಿತಿಮೀರಿದ ಹೊರೆಯನ್ನೂ ದಾಖಲೆಗೆ ತಂದಿತು. ಪರವಾನಗಿಯಲ್ಲಿ ಬರೆದ ತೂಕವೇ ಒಂದು, ಲಾರಿ ಹೊತ್ತ ತೂಕವೇ ಇನ್ನೊಂದು ಆದಾಗ ಆ ಎರಡರ ನಡುವಿನ ಅದಿರಿಗೆ ರಾಜಧನವೂ ಇಲ್ಲ, ಲೆಕ್ಕವೂ ಇಲ್ಲ. ಹೀಗೆ ಸಾರಿಗೆ ಇಲಾಖೆ ನೋಡಬೇಕಾದ ಸುರಕ್ಷತೆಯ ಉಲ್ಲಂಘನೆಯೊಂದು ಗಣಿ ಇಲಾಖೆಯ ಬೊಕ್ಕಸಕ್ಕೆ ಬಿದ್ದ ಕನ್ನವೂ ಆಗಿತ್ತು. ಅದು ದೇಶದ ಗಮನ ಸೆಳೆದದ್ದು ಎರಡನೆಯ ಕಾರಣಕ್ಕಾಗಿ.

ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯಲ್ಲಿಯೂ ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. ಸಾಲದ ಮೇಲೆ ಕೊಂಡ ಲಾರಿಗಳು ಸಾಲುಗಟ್ಟಿ ನಿಂತವು. ಕಂತು ಕಟ್ಟಲಾರದೆ ಸೋತ ಮಾಲೀಕರಲ್ಲಿ ಓವರ್‌ಲೋಡಿನಿಂದ ಲಾಭ ಉಂಡವರಷ್ಟೇ ಅಲ್ಲ, ಓವರ್‌ಲೋಡ್ ಒಲ್ಲೆನೆಂದರೆ ಬಾಡಿಗೆಯೇ ಸಿಗದೆಂಬ ಸ್ಥಿತಿಯಲ್ಲಿ ಸಿಕ್ಕಿಬಿದ್ದವರೂ ಇದ್ದರು. ಹೊರೆ ಹೇರುವವನು ಗಣಿಯ ಗುತ್ತಿಗೆದಾರ, ದಂಡ ಕಟ್ಟುವವನು ಲಾರಿಯವನು ಎಂಬ ಓರೆಕೋರೆ ಕಾಯಿದೆಯಲ್ಲಿ ಮೊದಲಿನಿಂದಲೂ ಇರಲಿಲ್ಲ, 194ನೆಯ ಕಲಮು ಹೊರೆ ಹೊರಿಸಿದವನನ್ನೂ ಹಿಡಿಯಲು ಅವಕಾಶ ಕೊಡುತ್ತದೆ. ಜಾರಿಯ ಕೈ ಮಾತ್ರ ಸ್ಟೀರಿಂಗಿನ ಹಿಂದೆ ಕುಳಿತವನನ್ನು ದಾಟಿ ಆಚೆಗೆ ಚಾಚಿದ್ದು ಅಪರೂಪ. ಇತ್ತೀಚಿನ ದಶಕಗಳಲ್ಲಿ ಇದೇ ಜಿಲ್ಲೆಯ ಗುಡ್ಡಗಳಿಗೆ ಗಾಳಿಯಂತ್ರದ ರೆಕ್ಕೆಗಳನ್ನು ಹೊತ್ತು ಬರುವ ಉದ್ದದ ಟ್ರೇಲರುಗಳು, ಅಳತೆ ಮೀರಿದ ಸರಕಿಗೆಂದೇ ಇರುವ ವಿಶೇಷ ಅನುಮತಿ ಪಡೆದು, ಮುಂದೆ ಹಿಂದೆ ಬೆಂಗಾವಲಿನೊಡನೆ ಆಮೆಯಂತೆ ತೆವಳುವುದನ್ನು ನೋಡಿದರೆ, ದೊಡ್ಡ ಕಂಪನಿಯ ಸರಕಿಗೆ ನಿಯಮಪಾಲನೆ ಎಷ್ಟು ಸಾಧ್ಯವೆಂಬುದು ತಿಳಿಯುತ್ತದೆ.

ಪ್ರಯಾಣಿಕರ ವಾಹನಗಳ ಚರಿತ್ರೆಯಲ್ಲಿ ಬೆಂಕಿ ಬರೆದ ಅಧ್ಯಾಯವೊಂದಿದೆ. 2010ರ ಮೇ ಕೊನೆಯಲ್ಲಿ ಚಳ್ಳಕೆರೆಯ ಬಳಿ, ಸುರಪುರದ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸೊಂದು ಬೆಳಗಿನ ಜಾವ ರಸ್ತೆಯಿಂದ ಉರುಳಿ ಹೊತ್ತಿಕೊಂಡು ಸುಮಾರು ಮೂವತ್ತು ಜನ ಸತ್ತರು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಉರಿದು 45 ಜನರನ್ನು ಬಲಿ ತೆಗೆದುಕೊಂಡಿತು. ಸುಮಾರು ಎರಡು ವಾರಗಳ ಬಳಿಕ ಹಾವೇರಿ ಜಿಲ್ಲೆಯಲ್ಲಿ ಮುಂಬಯಿಗೆ ಹೊರಟಿದ್ದ ಇನ್ನೊಂದು ಬಸ್ಸಿಗೂ ಅದೇ ಗತಿಯಾಗಿ ಏಳು ಜನ ಸತ್ತರು. 2020ರ ಆಗಸ್ಟ್ 12ರ ನಸುಕಿನಲ್ಲಿ ಹಿರಿಯೂರು ತಾಲ್ಲೂಕಿನ ಕೆ.ಆರ್. ಹಳ್ಳಿ ಬಳಿ, ವಿಜಯಪುರದಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಹೊತ್ತಿ ಉರಿದು ಮಕ್ಕಳೂ ಸೇರಿ ಐವರು ಬೆಂದುಹೋದರು. 2025ರ ಡಿಸೆಂಬರ್ 25ರ ನಸುಕಿನಲ್ಲಿ ಅದೇ ತಾಲ್ಲೂಕಿನ ಗೊರ್ಲತ್ತು ಬಳಿ ಕಂಟೇನರ್ ಲಾರಿಯೊಂದು ವಿಭಜಕವನ್ನು ದಾಟಿ ಬಂದು ಬಡಿದುದರಿಂದ ಗೋಕರ್ಣಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸು ಹೊತ್ತಿಕೊಂಡಿತು. ತುರ್ತು ಬಾಗಿಲು, ಗಾಜೊಡೆಯುವ ಸುತ್ತಿಗೆ, ಬೆಂಕಿಯನ್ನು ತಾನಾಗಿ ಪತ್ತೆಹಚ್ಚಿ ನಂದಿಸುವ ಸಾಧನ, ಬಸ್ಸಿನ ಒಡಲು ಕಟ್ಟುವ ಮಾನದಂಡ, ಸ್ಲೀಪರ್ ಬಸ್ಸಿಗೆ ಬೇರೆಯದೇ ಮಾನದಂಡ ಎಂದು ಇಂದು ಅಧಿಕಾರಿಗಳು ತಪಾಸಣೆಯ ಪಟ್ಟಿಯಲ್ಲಿ ಹುಡುಕುವ ಅಂಶಗಳು ಇಂಥ ಸಾವುಗಳ ನಂತರವೇ ಗಟ್ಟಿಯಾದವು.

ಈ ದುರಂತಗಳಲ್ಲಿ ಕಾರಣಗಳು ಬೇರೆ ಬೇರೆಯಾದರೂ ಹೊತ್ತಿನಲ್ಲಿ ಒಂದು ಸಾಮ್ಯವಿದೆ. ಚಿತ್ರದುರ್ಗ ಜಿಲ್ಲೆ ಬೆಂಗಳೂರಿನಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ಬೆಂಗಳೂರಿನಲ್ಲಿ ರಾತ್ರಿಯೂಟದ ಹೊತ್ತು ದಾಟಿ ಹೊರಟ ವಾಹನ ನಡುರಾತ್ರಿಯ ನಂತರವೂ, ವಿಜಯಪುರ, ಕಲಬುರಗಿ, ಬೆಳಗಾವಿಗಳಿಂದ ಸಂಜೆ ಹೊರಟದ್ದು ಬೆಳಗಿನ ಜಾವದ ಆಸುಪಾಸಿನಲ್ಲಿಯೂ ಇಲ್ಲಿ ಬಂದು ಮುಟ್ಟುತ್ತದೆ. ಎರಡು ಕಡೆಯ ವಾಹನಗಳ ಚಾಲಕರ ಕಣ್ಣು ಎಳೆಯುವ ಗಳಿಗೆಗಳಲ್ಲಿ ಹಿರಿಯೂರು, ಶಿರಾಗಳ ನಡುವಿನ ಸಪಾಟಾದ ಅಗಲ ರಸ್ತೆ ಅವರ ಮುಂದೆ ಬಿಚ್ಚಿಕೊಳ್ಳುತ್ತದೆ. 2022ರ ಆಗಸ್ಟ್ 25ರ ನಸುಕಿನಲ್ಲಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರನ್ನು ತುಂಬಿಕೊಂಡಿದ್ದ ವಾಹನ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಲಾರಿಯೊಡನೆ ಅಪ್ಪಳಿಸಿ ಒಂಬತ್ತು ಜನ ಸತ್ತದ್ದೂ ಇದೇ ಹೆದ್ದಾರಿಯಲ್ಲಿ. ರಸ್ತೆ ಕೆಟ್ಟಿದ್ದಾಗ ಗುಂಡಿಗಳೇ ಚಾಲಕನನ್ನು ಎಬ್ಬಿಸುತ್ತಿದ್ದವು ಎಂಬ ಹಳೆಯ ಲಾರಿಯವರ ಮಾತಿನಲ್ಲಿ ಕುಹಕ ಇರುವಷ್ಟೇ ಅನುಭವವೂ ಇದೆ.

ಸುಪ್ರೀಂ ಕೋರ್ಟು ಎಸ್. ರಾಜಶೇಖರನ್ ಪ್ರಕರಣದಲ್ಲಿ 2014ರ ಏಪ್ರಿಲ್‌ನಲ್ಲಿ ನೇಮಿಸಿದ, ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ರಾಜ್ಯಗಳ ಬೆನ್ನು ಹತ್ತಿತು. ಓವರ್‌ಲೋಡ್ ಮಾಡಿದವರ, ಸರಕು ವಾಹನದಲ್ಲಿ ಜನ ತುಂಬಿದವರ ಲೈಸೆನ್ಸನ್ನು ಅಮಾನತಿನಲ್ಲಿಡಬೇಕೆಂದು ಅದು ಸೂಚಿಸಿತು. 2015ರ ಅಕ್ಟೋಬರ್ 1ರಿಂದ ತಯಾರಾಗುವ ಬಹುತೇಕ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರ್ ಮೀರದಂತೆ ತಡೆಯುವ ವೇಗ ನಿಯಂತ್ರಕ ಕಡ್ಡಾಯವಾಯಿತು. 2019ರ ತಿದ್ದುಪಡಿ ಓವರ್‌ಲೋಡಿನ ದಂಡವನ್ನು ಎರಡು ಸಾವಿರ ರೂಪಾಯಿಯಿಂದ ಇಪ್ಪತ್ತು ಸಾವಿರಕ್ಕೂ, ಹೆಚ್ಚಿನ ಪ್ರತಿ ಟನ್ನಿಗೆ ಒಂದು ಸಾವಿರದಿಂದ ಎರಡು ಸಾವಿರಕ್ಕೂ ಏರಿಸಿತು.

ಈ ಬಿಗಿಯ ನಡುವೆ 2018ರಲ್ಲಿ ನಡೆದ ಎರಡು ಬದಲಾವಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಆ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಅಚ್ಚಿನ ಭಾರದ ಮಿತಿಗಳನ್ನು ಹಿಗ್ಗಿಸಿತು; ಎರಡು ಅಚ್ಚಿನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5ಕ್ಕೂ, ಮೂರು ಅಚ್ಚಿನದು 25ರಿಂದ 28.5ಕ್ಕೂ ಏರಿತು. ನಿನ್ನೆಯ ಓವರ್‌ಲೋಡಿನ ಒಂದು ಪಾಲು ಹೀಗೆ ಸಕ್ರಮವಾಯಿತು. ನವೆಂಬರಿನಲ್ಲಿ ಇನ್ನೊಂದು ತಿದ್ದುಪಡಿ ಬಂತು. ಅಲ್ಲಿಯವರೆಗೆ, ದೇಶದಾದ್ಯಂತ ಸಂಚರಿಸಲು ಕೊಡುವ ರಾಷ್ಟ್ರೀಯ ರಹದಾರಿಯ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಆಸನದ ಹಿಂದೆ ಎರಡನೆಯವನು ಕಾಲು ಚಾಚಿ ಮಲಗುವಷ್ಟು ಉದ್ದದ ಸೀಟು ಇರಬೇಕು ಎಂದು ಕೇಂದ್ರ ನಿಯಮ ಹೇಳುತ್ತಿತ್ತು. ಆ ಎರಡನೆಯ ಚಾಲಕನ ಕಡ್ಡಾಯವನ್ನು ತೆಗೆದುಹಾಕಲಾಯಿತು. ಎಂಟು ವರ್ಷದವರೆಗಿನ ವಾಹನಕ್ಕೆ ಎಫ್‌ಸಿ ವರ್ಷಕ್ಕೊಮ್ಮೆಯ ಬದಲು ಎರಡು ವರ್ಷಕ್ಕೊಮ್ಮೆ ಸಾಕೆಂದಾದದ್ದೂ ಆ ತಿದ್ದುಪಡಿಯಲ್ಲಿಯೇ. ಸಾರಿಗೆ ಉದ್ಯಮಕ್ಕೆ ಇಬ್ಬರು ಚಾಲಕರ ಸಂಬಳ ಹೊರೆಯಾಗಿತ್ತು, ನಿಯಮ ಪಾಲನೆಯಾಗುತ್ತಿದ್ದುದೂ ಕಡಿಮೆಯೇ ಎಂಬುದು ನಿಜ. ಆದರೂ ಪಾಲನೆಯಾಗದ ನಿಯಮವನ್ನು ಪಾಲಿಸುವಂತೆ ಮಾಡುವುದರ ಬದಲು ಅಳಿಸಿದ್ದರಿಂದ, ಹೆಚ್ಚಿದ ಹೊರೆ ಮತ್ತು ಕಡಿಮೆಯಾದ ಕೈಗಳು ಒಂದೇ ವರ್ಷದಲ್ಲಿ ಕಾನೂನಿನ ಒಪ್ಪಿಗೆ ಪಡೆದವು.

ಇಷ್ಟರಲ್ಲಿ ಯುರೋಪು ಚಾಲಕ ಎಷ್ಟು ಹೊತ್ತು ಓಡಿಸಿದನೆಂದು ತಾನೇ ಬರೆದಿಡುವ ಟ್ಯಾಕೊಗ್ರಾಫ್ ಎಂಬ ಗಡಿಯಾರವನ್ನು 1970ರ ದಶಕದಿಂದ ಲಾರಿಗಳಿಗೆ ಕಡ್ಡಾಯಗೊಳಿಸುತ್ತ ಬಂದಿತ್ತು. ಅಮೆರಿಕ 2017ರ ಡಿಸೆಂಬರಿನಿಂದ ಎಂಜಿನ್ನಿಗೇ ಜೋಡಿಸಿದ ಎಲೆಕ್ಟ್ರಾನಿಕ್ ದಾಖಲೆಯನ್ನು ಬಹುತೇಕ ಲಾರಿಗಳಿಗೆ ಕಡ್ಡಾಯ ಮಾಡಿತು. ಭಾರತದಲ್ಲಿ ಸುಂಕದ ಕಟ್ಟೆ ಲಾರಿಯನ್ನು ಗುರುತಿಸುತ್ತದೆ, ವೇ ಬ್ರಿಡ್ಜ್ ಅದನ್ನು ತೂಗುತ್ತದೆ, ವೇಗ ನಿಯಂತ್ರಕ ಅದನ್ನು ಹಿಡಿದೆಳೆಯುತ್ತದೆ. ಐದು ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವು ಎಂಬ 1939ರ ಸಾಲನ್ನು ಅಳೆಯುವ ಸಾಧನ ಸಾಮಾನ್ಯ ಲಾರಿಯಲ್ಲಿ ಬಂದಿಲ್ಲ. 1961ರ ಕಾರ್ಮಿಕ ಕಾಯಿದೆ 2020ರ ವೃತ್ತಿ ಸುರಕ್ಷತಾ ಸಂಹಿತೆಯೊಳಗೆ ಲೀನವಾಗಿ, ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದಕ್ಕೂ ಸುಮಾರು ಎರಡು ತಿಂಗಳು ಮುಂಚೆ, ಅಕ್ಟೋಬರ್ 1ರಿಂದ, ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದ್ದು, ಎಂಜಿನ್ನಿನ ಕಾವಿಗೆ ಬೇಯುತ್ತ ಬಂದ ಚಾಲಕನ ಮೈಯನ್ನು ನೇರವಾಗಿ ನೆನೆದ ನಿಯಮಗಳಲ್ಲಿ ಅದೂ ಒಂದು. ಎರಡನೆಯ ಚಾಲಕನಿಗೆಂದು ಆಸನದ ಹಿಂದೆ ಇಟ್ಟಿದ್ದ ಉದ್ದನೆಯ ಸೀಟು ಮಾತ್ರ ಹಿರಿಯೂರಿನ ಢಾಬಾಗಳ ಮುಂದೆ ನಿಲ್ಲುವ ಎಷ್ಟೋ ಲಾರಿಗಳಲ್ಲಿ ಇನ್ನೂ ಇದೆ, ಅದರ ಮೇಲೆ ಮಡಚಿಟ್ಟ ತಾಡಪಾಲು, ಹಗ್ಗ, ನೀರಿನ ಕ್ಯಾನುಗಳು ಇರುತ್ತವೆ.